ದಿಮ್ಮಿಯ ಮೇಲಿನ ಇರುವೆಗಳು

ಜೂನ್ 3, ಮಂಗಳವಾರ

ಬೆಳಿಗ್ಗೆ ಕರಿಮಣ್ಣಿನ ಹೊಲದ ಮೇಲೆ ಮಂಜು ಮೊಣಕಾಲೆತ್ತರಕ್ಕೆ ನಿಂತಿತ್ತು. ಬದುವಿನ ವಿಲ್ಲೋ ಮರಗಳಿಗೆ ಬುಡವೇ ಇರಲಿಲ್ಲ, ಸುಮ್ಮನೆ ತೇಲುತ್ತಿದ್ದವು. ಮಂಜಿನ ನಡುವೆ ನನ್ನ ಗಂಡ ಹರ್ಮನ್ ಬಗ್ಗಿ ಸೆಲರಿ ಸಸಿಗಳನ್ನು ನೋಡುತ್ತಿದ್ದ ಹಾಗೆ ಕಂಡಿತು. ಅಲ್ಲಾಡಿದರೆ ಎಲ್ಲಿ ಹೋಗಿಬಿಡುತ್ತಾನೋ ಎಂದು ಕಿಟಕಿಯ ಬಳಿ ಉಸಿರು ಹಿಡಿದು ನಿಂತೆ. ಬಿಸಿಲೇರಿದ ಮೇಲೆ ನೋಡಿದರೆ ಅದು ನಮ್ಮ ಹೊಲ ಗುತ್ತಿಗೆಗೆ ಹಿಡಿದಿರುವ ಕ್ಲೂಸ್ಟರ್‌ಮನ್‌ನ ನೀರಿನ ಪಂಪು. ಪಂಪಿಗೆ ಟೋಪಿ ಬೇರೆ ಹಾಕಿಟ್ಟಿದ್ದಾನೆ, ಪುಣ್ಯಾತ್ಮ.

ರಾತ್ರಿಯ ಊಟ ಎಂದಿನದೇ. ಎರಡು ಸೆಲರಿ ದಂಟು, ಅದರ ಹಳ್ಳದ ತುಂಬ ಕಡಲೆಕಾಯಿ ಬೆಣ್ಣೆ, ಮೇಲೆ ಸಾಲಾಗಿ ಒಣದ್ರಾಕ್ಷಿ. ಪಾತ್ರೆ ತೊಳೆಯುವ ಕಟ್ಟೆಯ ಹತ್ತಿರ ನಿಂತುಕೊಂಡೇ ತಿಂದೆ. ಹರ್ಮನ್ ಇದ್ದಾಗ ಇದು ಮಲಗುವ ಮುಂಚಿನ ಖುಷಿಯ ತಿಂಡಿಯಾಗಿತ್ತು. ಅವನು ದಂಟು ತೊಳೆದು ಕತ್ತರಿಸುತ್ತಿದ್ದ, ನಾನು ಬೆಣ್ಣೆ ಮೆತ್ತುತ್ತಿದ್ದೆ, ದ್ರಾಕ್ಷಿ ಕೂರಿಸುವ ಹಕ್ಕು ಮಾತ್ರ ಅವನದೇ. ಆ ತಿಂಡಿಯ ಹೆಸರೇ ದಿಮ್ಮಿ-ಇರುವೆ, ಮರದ ದಿಮ್ಮಿಯ ಮೇಲೆ ಇರುವೆ ಸಾಲು. ನವೆಂಬರಿನಲ್ಲಿ ಅವನು ತೀರಿಹೋದ ಮೇಲೆ ಇದೇ ಊಟವಾಗಿದೆ. ಒಲೆ ಹಚ್ಚಿ ಯಾವ ಕಾಲವಾಯಿತೋ.

ಪಕ್ಕದ ಮನೆಯಿಂದ ತಂಗಿ ವಿಲ್ಮಾ ಬಂದು ನೋಡಿ ಬೈದಳು. "ಅಕ್ಕಾ, ಇರುವೆ ತಿಂದ್ಕೊಂಡು ಚಳಿಗಾಲ ಕಳೆಯೋಕೆ ನೀನೇನು ಕರಡಿನಾ? ಕರಡೀನೂ ಈ ಹೊತ್ತಿಗೆ ಎದ್ದಿರತ್ತೆ."

ಮಗ ಕ್ಯಾಲ್ವಿನ್ ಫೋನು ಮಾಡಿದ್ದ. ಶಾಲೆಗೆ ರಜ, ಮಗಳು ಕೋರಾಳನ್ನು ನೋಡಿಕೊಳ್ಳುತ್ತಿದ್ದ ಹುಡುಗಿ ಊರು ಬಿಟ್ಟಿದ್ದಾಳೆ, ಗಂಡ ಹೆಂಡತಿ ಇಬ್ಬರಿಗೂ ಕೆಲಸ. ಬೇಸಿಗೆಯೆಲ್ಲ ಅವಳು ನಿನ್ನ ಹತ್ತಿರ ಇರಬಹುದಾ ಅಂದ. ಕುಣಿಯುವಷ್ಟು ಖುಷಿಯಾಯಿತು. ಆಮೇಲೆ ಶರತ್ತು ಹೇಳಿದ: ಮನೆಯಲ್ಲಿ ಕಡಲೆಕಾಯಿ ಬೆಣ್ಣೆಯ ವಾಸನೆಯೂ ಇರಕೂಡದು. ಮಗುವಿಗೆ ಆಗುವುದಿಲ್ಲ. ನನ್ನಿಂದ ಅದು ಆಗದಿದ್ದರೆ ಅವಳನ್ನು ಒಹಾಯೋದಲ್ಲಿರುವ ಸೊಸೆಯ ಅಕ್ಕನ ಮನೆಗೆ ಕಳಿಸುತ್ತಾರಂತೆ. ಯೋಚಿಸಿ ಹೇಳುತ್ತೇನೆ ಎಂದೆ. ಇದರಲ್ಲಿ ಯೋಚಿಸುವುದೇನಿತ್ತು, ನನಗೇ ನಾಚಿಕೆಯಾಯಿತು.

ಜೂನ್ 5, ಗುರುವಾರ

ನಿದ್ದೆಯೂ ಅಲ್ಲ, ಎಚ್ಚರವೂ ಅಲ್ಲ, ಕುರ್ಚಿಯಲ್ಲೇ ಮಧ್ಯಾಹ್ನ ಕಳೆಯಿತು. ಅಪ್ಪನ ಕಾಲದ ತೊಳೆಮನೆ ಕಣ್ಣ ಮುಂದೆ ಬಂತು. ನಾವು ಮಕ್ಕಳೆಲ್ಲ ಶಾಲೆಯಿಂದ ಬಂದವರೇ ಮರದ ಬೂಟು ಹಾಕಿಕೊಂಡು ಅಲ್ಲಿಗೆ ಓಡುತ್ತಿದ್ದೆವು. ಹೊಲದಿಂದ ಬಂದ ಸೆಲರಿಯನ್ನು ತಣ್ಣೀರಿನ ತೊಟ್ಟಿಯಲ್ಲಿ ಅದ್ದಿ, ಕರಿಮಣ್ಣು ಬಿಡಿಸಿ, ಕಟ್ಟು ಕಟ್ಟುತ್ತಿದ್ದರು. ಅಪ್ಪನ ಅಂಗಿ, ಕುದುರೆ, ಬೈಬಲ್ಲು ಎಲ್ಲಕ್ಕೂ ಅದೇ ಹಸಿರು ವಾಸನೆ. ಮುರಿದ ದಂಟು ಪೇಟೆಗೆ ಹೋಗುವ ಹಾಗಿಲ್ಲ, ಅದು ನಮ್ಮ ಪಾಲು. ಬೇಕೆಂದೇ ಮುರಿದದ್ದೂ ಉಂಟು. ಅಪ್ಪನಿಗೆ ಗೊತ್ತಿತ್ತು, ಆದರೆ ಆ ಹೊತ್ತಿಗೆ ಸರಿಯಾಗಿ ಮುಖ ಆಚೆ ತಿರುಗಿಸಿಕೊಳ್ಳುತ್ತಿದ್ದ.

ಅಮ್ಮ ಸೆರಗಿನಂಥ ದೊಡ್ಡ ಏಪ್ರನ್ನು ಕಟ್ಟಿಕೊಂಡು ಮೆಟ್ಟಿಲ ಮೇಲೆ ಕೂತು, ತಗಡಿನ ಡಬ್ಬಿಯಿಂದ ಕಡಲೆಕಾಯಿ ಬೆಣ್ಣೆ ತೆಗೆದು ಹಳ್ಳಕ್ಕೆ ತುಂಬಿ ಕೊಡುತ್ತಿದ್ದಳು. ಕಡಿದರೆ ಮೊದಲು ಚಟ್ಟನೆ ನೀರು, ಹಿಂದೆಯೇ ಹುರಿದ ಕಡಲೆಯ ಮಂದ ಜಿಡ್ಡು, ಕೊನೆಯಲ್ಲೆಲ್ಲೋ ಹಲ್ಲಿಗೆ ಸಿಗುವ ದ್ರಾಕ್ಷಿಯ ಸಿಹಿ. ನಾರು ಹಲ್ಲಿನ ಸಂದಿಯಲ್ಲಿ ಸಿಕ್ಕಿ ಸಂಜೆಯವರೆಗೂ ನಾಲಿಗೆಗೆ ಕೆಲಸ. ಆಮೇಲೆ ಎಷ್ಟೋ ಮದುವೆಯ ಊಟ ಉಂಡೆ. ಅದರಷ್ಟು ರುಚಿಯಾದದ್ದನ್ನು ನಾನು ತಿಂದಿಲ್ಲ. ನಮ್ಮನ್ನು ಬೆಳೆಸಿದ್ದೇ ಅದು, ನಾವೆಲ್ಲ ಗಟ್ಟಿಮುಟ್ಟಾಗೇ ಬೆಳೆದೆವು. ಕಡಲೆಕಾಯಿ ತಿಂದು ಯಾರಾದರೂ ಉಸಿರು ಕಟ್ಟಿದ್ದು ಆ ಕಾಲದಲ್ಲಿ ನಾನಂತೂ ಕಾಣೆ.

ಆದರೂ ಕ್ಯಾಲ್ವಿನ್‌ಗೆ ಹೂಂ ಅಂದಿದ್ದೇನೆ.

ಜೂನ್ 8, ಭಾನುವಾರ

ಚರ್ಚಿನಲ್ಲಿ ಪ್ರವಚನ ಅರ್ಧಕ್ಕೆ ಬಂದಾಗ ಬೆಂಚಿನುದ್ದಕ್ಕೂ ಪೆಪ್ಪರ್‌ಮಿಂಟ್ ದಾಟಿ ಬಂತು. ವಿಲ್ಮಾ ನನ್ನ ಪಕ್ಕೆ ತಿವಿದಳು. ಚಿಕ್ಕವಳಿದ್ದಾಗ ಅವಳು ಪೆಪ್ಪರ್‌ಮಿಂಟ್ ಸಾಲದೆಂದು ಜೇಬಿನಲ್ಲಿ ದಿಮ್ಮಿ-ಇರುವೆ ತಂದು, ಎಲ್ಲರೂ ತಲೆ ಬಗ್ಗಿಸಿ ಮೌನವಾಗಿದ್ದಾಗ ಕಟಕ್ಕೆಂದು ಕಡಿದಿದ್ದಳು. ಪಾದ್ರಿಗಳು ಪ್ರಾರ್ಥನೆ ನಿಲ್ಲಿಸಿ ಛಾವಣಿ ನೋಡಿದ್ದರು. ನೆನೆಸಿಕೊಂಡು ಇಬ್ಬರೂ ಈ ವಯಸ್ಸಿನಲ್ಲಿ ನಗು ತಡೆಯಲಾರದೆ ಕರವಸ್ತ್ರ ಬಾಯಿಗೆ ಒತ್ತಿಕೊಂಡೆವು.

ಊಟದ ಹೊತ್ತಿಗೆ ಸೊಸೆ ರೋಕ್ಸಾನ್ ಕೋರಾಳನ್ನು ಕರೆದುಕೊಂಡು ಬಂದಳು. ಅಡುಗೆಮನೆಯನ್ನು ಪೊಲೀಸಿನವಳ ಹಾಗೆ ನೋಡಿದಳು.

"ಅತ್ತೆ, ತಪ್ಪು ತಿಳ್ಕೋಬೇಡಿ. ಇದು ಇಷ್ಟ ಅನಿಷ್ಟದ ಮಾತಲ್ಲ. ಒಂದು ಚೂರು ಸಾಕು, ಗಂಟಲು ಕಟ್ಟಿಬಿಡತ್ತೆ. ಎರಡು ಸಲ ನೋಡಿದೀನಿ. ಮೂರನೇ ಸಲ ನೋಡೋ ಧೈರ್ಯ ನನಗಿಲ್ಲ."

"ಎಲ್ಲ ತೆಗೆದುಬಿಡ್ತೀನಮ್ಮ."

"ಇವತ್ತೇ ಶುರು ಮಾಡೋಣ್ವಾ? ನಾನೂ ಕೈ ಹಾಕ್ತೀನಿ."

"ಭಾನುವಾರ ಕಪಾಟು ತೊಳೆಯೋದಾ! ನಾಳೆ ಮಾಡ್ತೀನಿ."

ಅವಳು ಉಸಿರು ಕಟ್ಟಿದರೆ ಚುಚ್ಚುವ ಇಂಜೆಕ್ಷನ್ ಪೆನ್ನು ಕೊಟ್ಟು, ಸೂಜಿಯಿಲ್ಲದ ಅಭ್ಯಾಸದ ಪೆನ್ನನ್ನೂ ತೋರಿಸಿದಳು. ಹೇಳಿಕೊಟ್ಟದ್ದು ಮಾತ್ರ ಕೋರಾ. ಆರು ವರ್ಷ, ಮುಂದಿನ ಹಲ್ಲು ಬಿದ್ದಿದೆ, ಅಜ್ಜಿಯನ್ನು ನಮ್ಮ ಜನರ ಹಾಗೆ ಓಮಾ ಎನ್ನುತ್ತಾಳೆ. "ಓಮಾ, ತೊಡೆಗೆ ಗಟ್ಟಿಯಾಗಿ ಒತ್ಬೇಕು. ನಾನು ಕಿರುಚಿದ್ರೂ ಕೈ ತೆಗೀಬಾರ್ದು. ನಾನು ತೆಗಿ ಅಂತೀನಿ, ಆದ್ರೂ ತೆಗೀಬಾರ್ದು. ಗೊತ್ತಾಯ್ತಾ?"

ಗೊತ್ತಾಯಿತು ಅಂದೆ. ಹರ್ಮನ್‌ನ ಕಣ್ಣು ಅವಳಿಗೆ ಬಂದಿದೆ, ಬೂದು ಬಣ್ಣ.

ಜೂನ್ 9, ಸೋಮವಾರ

ಕಪಾಟು, ಡ್ರಾಯರು, ಚಾಕು, ಮಣೆ, ರೊಟ್ಟಿ ಸುಡುವ ಯಂತ್ರ ಎಲ್ಲ ಸೋಪು ಹಾಕಿ ಉಜ್ಜಿದೆ. ಮಣೆಗಳನ್ನು ಎಸೆದು ಹೊಸದು ತಂದೆ. ಅರ್ಧ ಉಳಿದಿದ್ದ ಕಡಲೆಕಾಯಿ ಬೆಣ್ಣೆಯನ್ನು ವಿಲ್ಮಾಳಿಗೆ ಕೊಟ್ಟೆ. ಅವಳು ತನ್ನ ಜಗಲಿಯಲ್ಲಿ ಕೂತು, ನನಗೆ ಕಾಣುವ ಹಾಗೆ, ಚಮಚದಲ್ಲೇ ತಿಂದಳು.

ಕೊಡುವ ಮುಂಚೆ ಕೊನೆಯದೊಂದು ದಿಮ್ಮಿ ಮಾಡಿಕೊಂಡಿದ್ದೆ. ದ್ರಾಕ್ಷಿ ಇಡಲು ಕೈ ಬರಲಿಲ್ಲ. ಹಾಗೇ ತಿಂದೆ. ಹರ್ಮನ್ ಇನ್ನೊಂದು ಸಲ ಹೋದ ಹಾಗಾಯಿತು.

ಇವತ್ತು ಬೆಳಗಿನ ಜಾವವೇ ಕನಸಿನಲ್ಲಿ ಬಂದಿದ್ದ. ಕಟ್ಟೆಯ ಬಳಿ ನಿಂತು ದಂಟು ತೊಳೆಯುತ್ತಲೇ ಇದ್ದ, ನೀರು ನಿಲ್ಲಿಸಲಿಲ್ಲ. ಬಾ ಎಂದರೆ "ಒಂದ್ನಿಮಿಷ" ಅಂದ.

ಜೂನ್ 16, ಸೋಮವಾರ

ಕೋರಾ ಬಂದಳು. ಶುಕ್ರವಾರ ಸಂಜೆಯವರೆಗೆ ಇಲ್ಲೇ. ಬಟಾಣಿ ಸೂಪು ಮಾಡಿದೆ. ಉಪ್ಪು ಜಾಸ್ತಿಯಾಯಿತು, ಅಭ್ಯಾಸ ತಪ್ಪಿದೆ.

ಜೂನ್ 19, ಗುರುವಾರ

ಬರೆಯಲು ಪುರಸೊತ್ತೇ ಸಿಗುವುದಿಲ್ಲ. ಈ ಮಗುವಿನ ಬಾಯಿ ಮುಚ್ಚುವುದು ನಿದ್ದೆಯಲ್ಲಿ ಮಾತ್ರ. ಮಣ್ಣು ಯಾಕೆ ಕಪ್ಪು? ಇಲ್ಲಿ ಹಿಂದೆ ಕೆರೆ ಇತ್ತು ಅಂದೆ. ಮೀನೆಲ್ಲ ಎಲ್ಲಿ ಹೋದವು? ಗೊತ್ತಿಲ್ಲ ಅಂದೆ. "ಸೆಲರಿ ಆಗಿರ್ಬೇಕು," ಎಂದು ತಾನೇ ತೀರ್ಮಾನಿಸಿದಳು.

ಬರಿಗಾಲಲ್ಲಿ ಹೊಲದ ಬದುವಿಗೆ ಹೋದೆವು. ಆ ಮಣ್ಣು ಬಿಸಿಲಿಗೆ ಹಿಟ್ಟಿನ ಹಾಗೆ ಮೆತ್ತಗೆ, ಬೆಚ್ಚಗೆ. ಇಬ್ಬರ ಕಾಲೂ ಕರೀ ಕಾಲುಚೀಲ ಹಾಕಿದಂತಾಯಿತು. ಎಷ್ಟೋ ಹೊತ್ತು ಏನೂ ಮಾಡದೆ ಕೂತೆವು. ಕಾಲುವೆಯ ಮೇಲೆ ನೀಲಿ ಹುಳುಗಳು ಹಾರುತ್ತಿದ್ದವು. ಆಕಾಶ ನಿಧಾನವಾಗಿ ಬಣ್ಣ ಕಳೆದುಕೊಂಡಿತು. ಅವಳ ತಲೆ ನನ್ನ ತೊಡೆಯ ಮೇಲೆ ಭಾರವಾಯಿತು. ಸುಖವಾಗಿತ್ತು.

ದಿಮ್ಮಿ-ಇರುವೆಯ ಕಥೆ ಹೇಳಿದೆ. ಚರ್ಚಿನಲ್ಲಿ ಕಟಕ್ ಎಂದದ್ದನ್ನು ನಾಲ್ಕಾರು ಸಲ ಹೇಳಿಸಿಕೊಂಡಳು. ಆಮೇಲೆ ಸಣ್ಣ ದನಿಯಲ್ಲಿ, "ನಾನು ಒಂದ್ಸಲಾನೂ ತಿಂದಿಲ್ಲ," ಅಂದಳು.

ಜೂನ್ 24, ಮಂಗಳವಾರ

ಕಂಡುಹಿಡಿದೆವು! ಮೆತ್ತನೆಯ ಬಿಳಿ ಚೀಸಿಗೆ ಚೂರು ಜೇನು ಕಲಸಿ ಹಳ್ಳಕ್ಕೆ ಮೆತ್ತಿದರೆ ಬಹಳ ಚೆನ್ನಾಗಿದೆ. ಹಳೆಯದರಂತಿಲ್ಲ, ಆ ಹುರಿದ ವಾಸನೆ ಇಲ್ಲ, ಆದರೆ ತಂಪಾಗಿದೆ. ಕೋರಾ ಇದಕ್ಕೆ "ಹಿಮ ಬಿದ್ದ ದಿಮ್ಮಿ" ಎಂದು ಹೆಸರಿಟ್ಟಳು. ದ್ರಾಕ್ಷಿ ಇಡುವ ಕೆಲಸ ತನ್ನದೇ ಎಂದಳು. ಒಂದು ಇರುವೆ ಯಾವಾಗಲೂ ಉಲ್ಟಾ ಹೋಗುತ್ತಿರಬೇಕಂತೆ, ಅದು ಮನೆಯಲ್ಲಿ ಏನೋ ಮರೆತು ಬಂದಿದೆಯಂತೆ.

ವಿಲ್ಮಾ ಬಂದವಳು ತಿಂದು, "ಪರವಾಗಿಲ್ಲ," ಅಂದಳು. ಅವಳ ಬಾಯಲ್ಲಿ ಅದು ದೊಡ್ಡ ಹೊಗಳಿಕೆ. ಕೈ ತೊಳೆಯದೆ ಒಳಗೆ ಬರಬೇಡ ಎಂದು ಅವಳನ್ನು ಬಾಗಿಲಲ್ಲೇ ನಿಲ್ಲಿಸಿದ್ದಕ್ಕೆ ಸಿಟ್ಟಿತ್ತು, ಅದೂ ಇಳಿಯಿತು.

ಜೂನ್ 26, ಗುರುವಾರ

ಕೋರಾ ಆಸ್ಪತ್ರೆಯಲ್ಲಿದ್ದಾಳೆ. ಉಸಿರಾಡುತ್ತಿದ್ದಾಳೆ. ದೇವರೇ, ಉಸಿರಾಡುತ್ತಿದ್ದಾಳೆ.

ಜೂನ್ 28, ಶನಿವಾರ

ಬರೆದಿಡಬೇಕು, ಇಲ್ಲದಿದ್ದರೆ ತಲೆಯಲ್ಲಿ ಸುತ್ತುತ್ತಲೇ ಇರುತ್ತದೆ.

ಜಗಲಿಯಲ್ಲಿ ಕೂತು ದಿಮ್ಮಿಗಳನ್ನು ಮಾಡುತ್ತಿದ್ದೆವು. ಪೊಟ್ಟಣದ ದ್ರಾಕ್ಷಿ ಮುಗಿಯಿತು. ನೆಲಮಾಳಿಗೆಯಲ್ಲಿ ಕ್ರಿಸ್‌ಮಸ್ ಬ್ರೆಡ್ಡಿಗೆಂದು ಇಟ್ಟಿದ್ದ ಜಾಡಿ ನೆನಪಾಗಿ ತಂದೆ. ತೆಗೆದು ನೋಡಿದೆ, ದ್ರಾಕ್ಷಿ ಚೆನ್ನಾಗೇ ಇತ್ತು. ಕೋರಾ ಇರುವೆಗಳನ್ನು ಕೂರಿಸಿ ಒಂದು ತಿಂದಳು. "ಓಮಾ, ತುಟಿ ಕಚಗುಳಿ ಆಗ್ತಿದೆ," ಅಂದಳು. ನಾನು ನಕ್ಕೆ. ಇರುವೆ ಓಡಾಡುತ್ತಿರಬೇಕು ಅಂದೆ. ನಕ್ಕೆನಲ್ಲ, ಅದನ್ನು ನಾನು ಹೇಗೆ ಮರೆಯಲಿ. ತಿರುಗಿ ನೋಡುವಷ್ಟರಲ್ಲಿ ಮುಖದ ತುಂಬ ದದ್ದು. ಕೆಮ್ಮು ಶುರುವಾಯಿತು, ಕೆಮ್ಮಿನ ಕೊನೆಯಲ್ಲಿ ಸೀಟಿಯಂಥ ಸದ್ದು.

ಪೆನ್ನು ತೊಡೆಗೆ ಒತ್ತಿದೆ. ಕಿರುಚಿದಳು. "ತೆಗಿ ಓಮಾ, ತೆಗಿ," ಅಂದಳು. ತೆಗೆಯಲಿಲ್ಲ. ವಿಲ್ಮಾ ಆಂಬುಲೆನ್ಸಿಗೆ ಫೋನು ಮಾಡಿದಳು. ಆಮೇಲಿನದು ಸರಿಯಾಗಿ ನೆನಪಿಲ್ಲ, ಅವಳ ಪುಟ್ಟ ಕೈ ನನ್ನ ಬೆರಳು ಹಿಡಿದಿದ್ದದ್ದು ಬಿಟ್ಟು.

ಡಾಕ್ಟರು ಏನು ತಿಂದಳು ಎಂದು ಕೇಳಿದರು. ಸೆಲರಿ, ಚೀಸು, ಜೇನು, ದ್ರಾಕ್ಷಿ. ಇವೆಲ್ಲ ದಿನವೂ ತಿನ್ನುವಂಥವೇ. ದ್ರಾಕ್ಷಿ ಯಾವುದರಲ್ಲಿತ್ತು ಎಂದು ಕೇಳಿದ್ದು ರೋಕ್ಸಾನ್. ಅದು ಕಡಲೆಕಾಯಿ ಬೆಣ್ಣೆ ಖಾಲಿಯಾದ ಮೇಲೆ ತೊಳೆದಿಟ್ಟ ಜಾಡಿ. ನಮ್ಮ ಜನ ಯಾವ ಮನೆಯಲ್ಲಿ ಜಾಡಿ ಎಸೆದಿದ್ದಾರೆ? ಗಾಜನ್ನು ಕುದಿನೀರಲ್ಲಿ ತೊಳೆದಿದ್ದೆ. ಆದರೆ ಮುಚ್ಚಳದ ಒಳಗೊಂದು ರಟ್ಟಿನ ಬಿಲ್ಲೆ ಇರುತ್ತದೆ, ಅದು ಎಣ್ಣೆ ಕುಡಿದು ಕೂತಿರುತ್ತದೆ. ಅಡುಗೆಮನೆಯೆಲ್ಲ ಉಜ್ಜಿದವಳಿಗೆ ಅದು ಕಡಲೆಕಾಯಿಯ ಜಾಡಿ ಎಂದೇ ಹೊಳೆಯಲಿಲ್ಲ. ನನಗದು ದ್ರಾಕ್ಷಿ ಜಾಡಿಯಾಗಿ ಎಷ್ಟೋ ವರ್ಷವಾಗಿತ್ತು.

ರೋಕ್ಸಾನ್ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. "ಸಮಯಕ್ಕೆ ಸರಿಯಾಗಿ ಚುಚ್ಚಿದ್ರಿ ಅತ್ತೆ," ಅಂದಳು. ಆಮೇಲೆ, "ಆದ್ರೆ ಇನ್ನು ಕಳಿಸೋಕೆ ನನ್ನಿಂದ ಆಗಲ್ಲ," ಅಂದಳು.

ಜುಲೈ 1, ಮಂಗಳವಾರ

ನೆಲಮಾಳಿಗೆಯ ಹಲಗೆಗಳ ಮೇಲಿನ ಜಾಡಿಗಳನ್ನೆಲ್ಲ ಎಸೆಯಲು ಹೊರಗೆ ತಂದಿಟ್ಟೆ, ಎಲ್ಲವೂ ಒಂದು ಕಾಲದ ಕಡಲೆಕಾಯಿ ಬೆಣ್ಣೆಯವೇ. ಹುರುಳಿಬೀಜ, ಮೊಳೆ, ಗುಂಡಿ, ಮೇಣದಬತ್ತಿಯ ತುಂಡು, ರಬ್ಬರು ಸುರುಳಿ. ಒಂದೊಂದು ಮುಚ್ಚಳದ ಮೇಲೂ ಹರ್ಮನ್ ಬರೆದು ಅಂಟಿಸಿದ ಚೀಟಿ. ಮೊಳೆಗೂ ದಿನಾಂಕ ಹಾಕಿದ್ದಾನೆ, ಹಳಸಿಹೋಗುತ್ತದೆಂದು ಇರಬೇಕು.

ವಿಲ್ಮಾ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಳು. "ಮೊಳೆ ಡಬ್ಬಿ ಯಾಕೇ ಎಸೀತೀಯಾ? ಮೊಳೆ ಯಾರು ತಿಂತಾರೆ?"

"ಆರು ವರ್ಷದ ಮಗು ಏನು ಬಾಯಿಗೆ ಹಾಕಲ್ಲ ಹೇಳು."

"ಅವಳನ್ನ ಕಳಿಸಲ್ಲ ಅಂದ್ರಲ್ಲ. ಮತ್ತೆ ಇದೆಲ್ಲ ಯಾರಿಗೋಸ್ಕರ?"

ಕೆಲಸ ನಿಲ್ಲಿಸಲಿಲ್ಲ.

"ಅಕ್ಕಾ, ಇದು ಹರ್ಮನ್ ಕೈಬರಹ," ಎಂದಳು, ಮೆತ್ತಗಾಗಿ. "ಒಂದಾದ್ರೂ ಇಟ್ಕೋ."

ಗುಂಡಿಯ ಜಾಡಿ ಕೈಯಲ್ಲಿತ್ತು. 'ಆಲಿಡಾಳ ಗುಂಡಿಗಳು, ಮುಟ್ಟಬೇಡಿ' ಎಂದು ನನ್ನ ಹೆಸರು ಹಾಕಿ ಬರೆದಿದ್ದ. ಯಾರಿಗೆ ಬರೆದನೋ, ಮನೆಯಲ್ಲಿದ್ದದ್ದು ನಾವಿಬ್ಬರೇ. ಅದನ್ನು ಹಿಡಿದುಕೊಂಡು ಹುಲ್ಲಿನ ಮೇಲೆ ಕೂತು ಜೋರಾಗಿ ಅತ್ತುಬಿಟ್ಟೆ. ಅವನು ಸತ್ತಾಗಲೂ ಹೀಗೆ ಅತ್ತಿರಲಿಲ್ಲ, ಜನ ಇದ್ದರು. ವಿಲ್ಮಾ ಪಕ್ಕದಲ್ಲಿ ಕೂತಳು. ಕತ್ತಲಾಗುವ ಮುಂಚೆ ಅದನ್ನೂ ಉಳಿದವುಗಳ ಜೊತೆ ಇಟ್ಟೆ. ಬೆಳಿಗ್ಗೆ ಕಸದ ಲಾರಿ ಬರುತ್ತದೆ.

ಜುಲೈ 6, ಭಾನುವಾರ

ಚರ್ಚು ಮುಗಿದ ಮೇಲೆ ಕ್ಯಾಲ್ವಿನ್ ಒಬ್ಬನೇ ಬಂದ. ಕೋಳಿ ಬೇಯಿಸಿದ್ದೆ, ಸರಿಯಾಗಿ ಉಣ್ಣಲಿಲ್ಲ.

"ಅಮ್ಮ, ಕೋರಾ ಯಾರ ಕೈಯಿಂದಲೂ ತಿಂತಿಲ್ಲ. ಅವಳ ಎದುರಿಗೇ ರೋಕ್ಸಾನ್ ಪೊಟ್ಟಣ ಒಡೆದ್ರೆ ಮಾತ್ರ ತಿಂತಾಳೆ. ನಾನು ಕೊಟ್ಟ ಹಾಲೂ ಬೇಡ ಅಂತಾಳೆ. 'ಅಪ್ಪ, ಇದು ಯಾವುದರಲ್ಲಿತ್ತು' ಅಂತ ಕೇಳ್ತಾಳೆ. ಸೊರಗಿಬಿಟ್ಟಿದಾಳೆ."

ಆ ಹೆದರಿಕೆ ನನ್ನ ಮನೆಯಿಂದಲೇ ಹೋದದ್ದು. ರೋಕ್ಸಾನ್‌ಗೆ ಇನ್ನು ರಜ ಸಿಗುವುದಿಲ್ಲವಂತೆ, ಅವಳ ಅಕ್ಕ ಒಹಾಯೋದಲ್ಲಿ ಇಡೀ ದಿನ ಮನೆಯಲ್ಲೇ ಇರುತ್ತಾಳೆ, ಬರುವ ಶನಿವಾರ ರೋಕ್ಸಾನ್ ಕೋರಾಳನ್ನು ಅಲ್ಲಿ ಬಿಟ್ಟು ಬರುತ್ತಾಳಂತೆ. ಹೋಗುವಾಗ ಇಲ್ಲಿ ಐದು ನಿಮಿಷ ನಿಲ್ಲಿಸಲು ಹೇಳು ಅಂದೆ. ದೂರದಿಂದ ನೋಡುತ್ತೇನೆ, ಸಾಕು.

ಜುಲೈ 9, ಬುಧವಾರ

ಬೆಳಿಗ್ಗೆ ದಟ್ಟ ಮಂಜಿತ್ತಂತೆ, ವಿಲ್ಮಾ ಹೇಳಿದಳು. ನಾನು ನೋಡಲಿಲ್ಲ, ಮಲಗಿದ್ದೆ. ಸೂಪಿಗೆ ಇವತ್ತು ಉಪ್ಪು ಸರಿಯಾಗಿತ್ತು, ಇಬ್ಬರೂ ಎರಡೆರಡು ಸಲ ಹಾಕಿಕೊಂಡೆವು. ಶನಿವಾರ ಬರುವುದೇ ಬೇಡ ಅನ್ನಿಸುತ್ತಿದೆ.

ಜುಲೈ 12, ಶನಿವಾರ

ಇವತ್ತಿನದನ್ನು ಬಿಡದೆ ಬರೆಯುತ್ತೇನೆ.

ಕ್ಲೂಸ್ಟರ್‌ಮನ್ ಈ ವರ್ಷದ ಮೊದಲ ಸೆಲರಿ ಕಡಿಸುತ್ತಿದ್ದ. ರಾತ್ರಿ ಸಣ್ಣ ಮಳೆಯಾಗಿ ಹೊಲವೆಲ್ಲ ಆ ವಾಸನೆ. ನಾನು ಬದುವಿನಲ್ಲಿ ನಿಂತಿದ್ದಾಗ ರೋಕ್ಸಾನ್ ಕಾರು ತಂದು ನಿಲ್ಲಿಸಿದಳು. ಹಿಂದಿನ ಸೀಟಿನಲ್ಲಿ ಕೋರಾ, ಅವಳ ಪಕ್ಕ ಒಹಾಯೋಗೆ ಹೊರಟ ಪೆಟ್ಟಿಗೆ. ಇಳಿದಳು, ಆದರೆ ಹತ್ತಿರ ಬರಲಿಲ್ಲ. ಕಾರಿನ ಬಾಗಿಲು ಹಿಡಿದುಕೊಂಡೇ ನಿಂತಳು. ಕತ್ತು ಎಷ್ಟು ಸಣ್ಣಗಾಗಿದೆ! ಓಡಿಹೋಗಿ ಎತ್ತಿಕೊಳ್ಳಬೇಕು ಅನ್ನಿಸಿತು. ಕಾಲನ್ನು ಒತ್ತಿ ಹಿಡಿದೆ.

ಕ್ಲೂಸ್ಟರ್‌ಮನ್ ಒಂದು ಬುಡ ಕಡಿದು ನನ್ನ ಕೈಗಿತ್ತ. "ತಗೊಳ್ಳಿ ಆಲಿಡಮ್ಮ, ಮೊದಲನೇದು ನಿಮಗೇ."

ಅವಳಿಗೆ ಕೊಡುವ ಯೋಚನೆ ನನಗಿರಲಿಲ್ಲ, ಆ ಧೈರ್ಯ ಎಲ್ಲಿಂದ ಬರಬೇಕು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ, ಹಸಿವಾಗಿತ್ತು. ಪಂಪಿನ ಕೆಳಗೆ ಮಣ್ಣು ತೊಳೆದು ಒಂದು ದಂಟು ಮುರಿದು ಕಡಿದೆ. ಚಟ್ಟನೆ ನೀರು ಸಿಡಿದು ಗಲ್ಲಕ್ಕೆ ಇಳಿಯಿತು. ತೋಳಿನಲ್ಲಿ ಒರೆಸಿಕೊಂಡು ತಿರುಗಿದರೆ ಕೋರಾ ಎರಡು ಸಾಲು ದಾಟಿ ಬಂದು ನಿಂತಿದ್ದಾಳೆ.

"ಅದು ಯಾವುದರಲ್ಲಿತ್ತು?"

"ಯಾವುದರಲ್ಲೂ ಇರ್ಲಿಲ್ಲ. ಈಗ ತಾನೇ ಮಣ್ಣಲ್ಲಿತ್ತು, ನೀನೂ ನೋಡಿದ್ಯಲ್ಲ."

ಯೋಚಿಸಿದಳು. "ಮಣ್ಣು ಯಾವುದರಲ್ಲಿತ್ತು?"

"ಮಣ್ಣು ಮೊದಲಿಂದ ಇಲ್ಲೇ ಇದೆ ಕಣೇ. ನಮ್ಮಪ್ಪ ಹುಟ್ಟೋ ಮುಂಚಿಂದ."

"ಚಾಕು?"

ಕ್ಲೂಸ್ಟರ್‌ಮನ್ ಚಾಕು ಎತ್ತಿ ತೋರಿಸಿದ. "ಸೆಲರಿ ಬಿಟ್ಟು ಇನ್ನೇನನ್ನೂ ಕಡಿದಿಲ್ಲ ತಾಯಿ. ನನ್ನ ಹೆಬ್ಬೆಟ್ಟನ್ನ ಒಂದ್ಸಲ ಕಡಿದಿತ್ತು ಅಷ್ಟೇ."

ಅವಳು ನಗಲಿಲ್ಲ. ನನ್ನ ಕೈ ಎರಡನ್ನೂ ತಿರುವಿ ನೋಡಿದಳು, ಉಗುರಿನ ಸಂದಿಯನ್ನೂ. ನಾನು ಹಾಗೇ ಹಿಡಿದು ನಿಂತೆ. ಕಾರಿನ ಬಳಿ ರೋಕ್ಸಾನ್ ಒಂದು ಹೆಜ್ಜೆ ಮುಂದೆ ಬಂದು ನಿಂತುಬಿಟ್ಟಳು. ಕೋರಾ ಬುಡದ ನಟ್ಟನಡುವಿನಿಂದ ಎಳೆಯ, ಬಿಳಿಹಳದಿ ದಂಟೊಂದನ್ನು ನನ್ನ ಕೈಯಿಂದಲೇ ಎಳೆದುಕೊಂಡಳು. ತಾನೇ ತೊಳೆದಳು. ಮೂಸಿದಳು. ತುದಿಯನ್ನು ಬಿದ್ದ ಹಲ್ಲಿನ ಪಕ್ಕದ ಹಲ್ಲಿನಿಂದ ಕಡಿದಳು. ತುಟಿ ಮುಟ್ಟಿ ನೋಡಿಕೊಂಡಳು. ಕಾದಳು. ನಾವೆಲ್ಲ ಕಾದೆವು, ಕಡಿಯುವವರೂ ಬಗ್ಗಿದ ಬೆನ್ನು ಎತ್ತಿ ನಿಂತಿದ್ದರು.

"ಇದಕ್ಕೆ ರುಚಿನೇ ಇಲ್ಲ ಓಮಾ," ಅಂದಳು.

"ಇಲ್ಲ. ಬರೀ ನೀರು."

"ಇನ್ನೊಂದು ಕೊಡು."

ಕೊಟ್ಟೆ. ಅದನ್ನು ತೊಳೆಯಲಿಲ್ಲ, ನೋಡಲೂ ಇಲ್ಲ, ಹಾಗೇ ಕಡಿದಳು. ನನ್ನ ಕಣ್ಣು ತುಂಬಿ ಸಾಲುಗಳೆಲ್ಲ ಕಲಸಿಹೋದವು. ಹಿಂದೆ ರೋಕ್ಸಾನ್ ಯಾರೊಂದಿಗೋ ಫೋನಿನಲ್ಲಿ ಮಾತಾಡುತ್ತಿದ್ದಳು, ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ.

"ಇಲ್ಲ ಅಕ್ಕ, ನಾವು ಬರ್ತಿಲ್ಲ. ಇಲ್ಲೇ ಬಿಟ್ಟು ಹೋಗ್ತೀನಿ... ಹೌದು, ಗೊತ್ತು. ಆದ್ರೆ ಅವಳು ತಿಂತಿದಾಳೆ. ಹೂಂ, ಅವಳ ಅಜ್ಜಿ ಕೈಯಿಂದ."